ವೋಟರ್ ಐಡಿ ಆನ್‌ಲೈನ್ ಅರ್ಜಿ: ವಿದ್ಯಾರ್ಥಿಗಳಿಗೆ ಸೂಚನೆ ಬರೆಯುವಾಗ ಏನೇನು ಹೇಳಬೇಕು?

ನೀವು ಕಾಲೇಜಿನಲ್ಲಿ ನೋಂದಣಿ ಶಿಬಿರ ನಡೆಸುತ್ತಿದ್ದೀರಿ, ಹುಡುಗರು ಫೋನಿನಲ್ಲೇ ಅರ್ಜಿ ತುಂಬುತ್ತಾರೆ, ಹಲವು ಅರ್ಜಿಗಳು ತಿರಸ್ಕೃತವಾಗುತ್ತಿವೆ, ಅದಕ್ಕೇ ಒಂದು ಪುಟದ ಸೂಚನೆ ಬೇಕು ಎಂದಿದ್ದೀರಿ. ನನ್ನ ಮೊದಲ ಸಲಹೆ: ನಮೂನೆಯ ಕಾಲಂಗಳನ್ನು ಒಂದೊಂದಾಗಿ ವಿವರಿಸುತ್ತ ಹೋಗಬೇಡಿ. ಹೆಚ್ಚಿನವರು ಎಡವುವುದು ನಮೂನೆ ತೆರೆಯುವುದಕ್ಕೂ ಮೊದಲೇ.

ಹಾಗಾಗಿ ಸೂಚನೆಯ ಮೊದಲ ಸಾಲು ಒಂದು ಪ್ರಶ್ನೆಯಾಗಿರಲಿ: "ಯಾವುದಾದರೂ ಊರಿನ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಈಗಾಗಲೇ ಇದೆಯೇ?" ಇಲ್ಲದಿದ್ದರೆ ನಮೂನೆ 6. ಇದ್ದರೆ, ಊರು ಬದಲಾಗಿರಲಿ, ಹೆಸರು ತಪ್ಪಾಗಿರಲಿ, ಕಾರ್ಡ್ ಕಳೆದಿರಲಿ, ಎಲ್ಲಕ್ಕೂ ನಮೂನೆ 8. ಹಾಸನದ ಪಟ್ಟಿಯಲ್ಲಿ ಹೆಸರಿದ್ದವರು ಬೆಂಗಳೂರಿಗೆ ಬಂದು ಮತ್ತೆ ನಮೂನೆ 6 ಹಾಕಿದರೆ ಎರಡು ಕಡೆ ಹೆಸರಾಗುತ್ತದೆ. ಅದನ್ನು 1950ರ ಪ್ರಜಾಪ್ರತಿನಿಧಿ ಕಾಯ್ದೆ ಒಪ್ಪುವುದಿಲ್ಲ. ಸುಳ್ಳು ಘೋಷಣೆಗೆ ಅದೇ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ನಮೂನೆಗಳು 2022ರ ಆಗಸ್ಟ್‌ನಲ್ಲಿ ಬದಲಾದವು, ಹಳೆಯ ನಮೂನೆ 8ಎ ಈಗ ಇಲ್ಲ. ಅದಕ್ಕಿಂತ ಹಳೆಯ ಯೂಟ್ಯೂಬ್ ವಿಡಿಯೋ ನೋಡಿ ತುಂಬಬೇಡಿ ಎಂದೂ ಒಂದು ಸಾಲು ಹಾಕಿ. (ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ನೋಂದಣಿಯೇ ಬೇರೆ, ಅದು ನಮೂನೆ 18. ಅಂತಿಮ ವರ್ಷದವರು ಇವೆರಡನ್ನೂ ಬೆರೆಸಿಕೊಳ್ಳುತ್ತಾರೆ.)

ವಯಸ್ಸಿನ ಲೆಕ್ಕ ಚಿಕ್ಕದು. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1: ಈ ನಾಲ್ಕರಲ್ಲಿ ಯಾವ ದಿನಕ್ಕೆ 18 ತುಂಬಿರುತ್ತದೋ ಆ ದಿನಕ್ಕೆ ಅರ್ಹತೆ. 17 ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು.

ಎರಡನೆಯ ಪ್ರಶ್ನೆ ವಿಳಾಸದ್ದು. ಹಾಸ್ಟೆಲ್ ವಿದ್ಯಾರ್ಥಿಗೆ ಆಯ್ಕೆ ಇದೆ: ಅಪ್ಪ ಅಮ್ಮ ಇರುವ ಮನೆ, ಇಲ್ಲವೇ ಹಾಸ್ಟೆಲ್. ಹಾಸ್ಟೆಲ್ ಆದರೆ ಪ್ರಾಂಶುಪಾಲರ ಸಹಿಯ ಬೋನಾಫೈಡ್ ಪ್ರಮಾಣಪತ್ರ ಜೊತೆಗಿರಬೇಕು. ಅದನ್ನು ಶಿಬಿರದ ದಿನವೇ ಕೊಟ್ಟುಬಿಡಿ. ಮನೆ ವಿಳಾಸ ಕೊಡುವವರು ಅಲ್ಲಿನ ಪಟ್ಟಿಯಲ್ಲಿರುವ ತಂದೆಯದೋ ತಾಯಿಯದೋ ಎಪಿಕ್ ಸಂಖ್ಯೆ (ವೋಟರ್ ಐಡಿ ಕಾರ್ಡಿನ ಸಂಖ್ಯೆ) ನೋಡಿಕೊಂಡು ಬರಲಿ. ಕುಟುಂಬ ಸದಸ್ಯರ ಕಾಲಂನಲ್ಲಿ ಅದನ್ನು ಹಾಕಿದರೆ ಮನೆಯವರೆಲ್ಲ ಒಂದೇ ಮತಗಟ್ಟೆಗೆ ಬರುವುದು ಸುಲಭ. "ದೇವಸ್ಥಾನದ ಹತ್ತಿರ" ಎಂದಷ್ಟೇ ಬರೆದರೆ ಪರಿಶೀಲನೆಗೆ ಬರುವ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆ ಹುಡುಕುವುದಾದರೂ ಹೇಗೆ? ಮನೆ ಸಂಖ್ಯೆ, ಬೀದಿ, ಪಿನ್ ಕೋಡ್ ಮೂರೂ ಇರಲಿ.

ಈಗ ಹೆಸರು. ಇದಕ್ಕೆ ಸೂಚನೆಯಲ್ಲಿ ಹೆಚ್ಚು ಜಾಗ ಕೊಡಿ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ್ದನ್ನು ಚುನಾವಣಾ ಆಯೋಗದ ಪೋರ್ಟಲ್ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಲ‑ಳ, ನ‑ಣ ಭೇದವಿಲ್ಲ, ದೀರ್ಘವೂ ಕಾಣುವುದಿಲ್ಲ. ಮಂಜುಳಾ ಮಂಜುಲಾ ಆಗಬಹುದು, ವೀಣಾ ವೀನಾ ಆಗಬಹುದು. ಕನ್ನಡದ ಪೆಟ್ಟಿಗೆಯಲ್ಲೇ ಅದನ್ನು ತಿದ್ದಬಹುದು, ಆದರೆ ಯಾರೂ ಆ ಕಡೆ ಕಣ್ಣು ಹಾಯಿಸುವುದಿಲ್ಲ. ಸಲ್ಲಿಸುವ ಮೊದಲು ಪ್ರಿವ್ಯೂ ಪುಟದಲ್ಲಿ ಹೆಸರು, ತಂದೆಯ ಹೆಸರು, ವಿಳಾಸ ಮೂರನ್ನೂ ಕನ್ನಡದಲ್ಲಿ ಜೋರಾಗಿ ಓದಿಸಿ. ತಪ್ಪು ಹಾಗೇ ಅಚ್ಚಾದರೆ ಮತ್ತೆ ನಮೂನೆ 8 ಹಾಕಬೇಕು. ಇನ್ನು ನಮ್ಮ ಕಡೆಯ ಇನಿಶಿಯಲ್ ತಲೆನೋವು: ಸರ್‌ನೇಮ್ ಕಾಲಂ ಕಡ್ಡಾಯವಲ್ಲ, ಇಲ್ಲದವರು ಖಾಲಿ ಬಿಡಬಹುದು. ಇನಿಶಿಯಲ್ ಬಿಡಿಸಿ ಬರೆಯಬೇಕೇ ಎಂಬ ಗೊಂದಲವಿದ್ದರೆ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ಆಧಾರ್ ಎಂದದ್ದಕ್ಕೆ ಕಾರಣವಿದೆ. 2025ರ ಸೆಪ್ಟೆಂಬರ್‌ನಲ್ಲಿ ಪೋರ್ಟಲ್‌ಗೆ ಇ-ಸಹಿ ಬಂತು, ಅಂದರೆ ಅರ್ಜಿ ಹಾಕುತ್ತಿರುವವರು ತಾವೇ ಎಂದು ಆಧಾರ್ ಮೂಲಕ ದೃಢಪಡಿಸುವ ವ್ಯವಸ್ಥೆ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಬೇರೆಯವರ ಹೆಸರಿನಲ್ಲಿ ಹೆಸರು ತೆಗೆಸುವ ಅರ್ಜಿಗಳು ಸಲ್ಲಿಕೆಯಾಗಿದ್ದ ಪ್ರಕರಣ ಆಗ ದೊಡ್ಡ ಸುದ್ದಿಯಾಗಿತ್ತು. ಇ-ಸಹಿಯ ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ಎಷ್ಟೋ ಹುಡುಗರ ಆಧಾರ್‌ನಲ್ಲಿ ಅಪ್ಪನ ನಂಬರ್ ಇರುತ್ತದೆ. "ಆ ಫೋನ್ ನಿಮ್ಮ ಕೈಯಲ್ಲಿದೆಯೇ?" ಎಂದು ಶಿಬಿರದ ಹಿಂದಿನ ದಿನವೇ ಕೇಳಿ, ಇಲ್ಲದಿದ್ದರೆ ಎಲ್ಲ ತುಂಬಿ ಕೊನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಫೋಟೋ ಬಿಳಿ ಹಿನ್ನೆಲೆಯದ್ದು, ಮುಖ ನೇರ, ಸೆಲ್ಫಿ ಬೇಡ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅತ್ಯುತ್ತಮ. ಫೈಲ್ 2 ಎಂಬಿ ದಾಟಬಾರದು, ಅಕ್ಷರ ಮಸುಕಾಗಿರಬಾರದು.

ಸಲ್ಲಿಸಿದ ಮೇಲೆ ಬರುವ ರೆಫರೆನ್ಸ್ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲಿ. ಅದು ಸಿಕ್ಕಿತೆಂದರೆ ಹೆಸರು ಸೇರಿತು ಎಂದಲ್ಲ. ಅರ್ಜಿಗಳ ಪಟ್ಟಿ ಪ್ರಕಟವಾಗಿ ಆಕ್ಷೇಪಣೆಗೆ ಏಳು ದಿನ ಬಿಡಬೇಕು, ಬಿಎಲ್‌ಒ ಮನೆಗೆ ಬರುತ್ತಾರೆ, ಆಮೇಲೆ ಮತದಾರರ ನೋಂದಣಾಧಿಕಾರಿಯ ತೀರ್ಮಾನ. ಹಳ್ಳಿಯ ವಿಳಾಸ ಕೊಟ್ಟವರು ಮನೆಯವರಿಗೆ ಮೊದಲೇ ಹೇಳಿರಲಿ. "ಅವನು ಇಲ್ಲಿಲ್ಲ, ಬೆಂಗಳೂರಲ್ಲಿದ್ದಾನೆ" ಎಂದು ಅಜ್ಜಿ ಹೇಳಿದರೆ ಅರ್ಜಿಗೆ ಅದೇ ಮುಳುವಾಗಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಏಳು ದಿನದ ಲೆಕ್ಕ ಹಿಡಿದು ಕನಿಷ್ಠ ಹತ್ತು ದಿನ ಮೊದಲೇ ಅರ್ಜಿ ಹೋಗಿರಬೇಕು.

ತಿರಸ್ಕೃತವಾದರೆ ಮೊದಲು ಸ್ಟೇಟಸ್ ಪುಟದಲ್ಲಿ ಕಾರಣ ನೋಡಿ. ದಾಖಲೆಯದ್ದೋ ಫೋಟೋದ್ದೋ ಕೊರತೆಯಾದರೆ ಸರಿಪಡಿಸಿ ಹೊಸದಾಗಿ ಹಾಕುವುದೇ ಬೇಗ. ಕಾರಣವೇ ತಪ್ಪು ಎನಿಸಿದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ದಾರಿ ಕಾಣದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಲಿ.