ಬಿಡಿಎಸ್ (ಹಲ್ಲಿನ ಡಾಕ್ಟರ್ ಕೋರ್ಸು) ಓದಲು ಎಜುಕೇಶನ್ ಲೋನ್ ತಗೊಳ್ಳಲಾ, ಇಲ್ಲ ಅಪ್ಪನ ಅರ್ಧ ಎಕರೆ ಮಾರಿಸಲಾ?

"ಓದು ಮುಗಿಯುವವರೆಗೆ ಬ್ಯಾಂಕಿಗೆ ಏನೂ ಕಟ್ಟಬೇಕಾಗಿಲ್ಲವಲ್ಲ, ಆಮೇಲೆ ದುಡಿದು ತೀರಿಸಬಹುದು" ಅಂತ ಈ ಪ್ರಶ್ನೆಯ ಜೊತೆ ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. 2012ರಲ್ಲಿ ನಾನು ನಮ್ಮಪ್ಪನಿಗೆ ಹೇಳಿದ್ದೂ ಇದನ್ನೇ.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆ ತುಂಬಾ ರೇಷ್ಮೆ ಹುಳು. ಆಗ ನೀಟ್ ಬಂದಿರಲಿಲ್ಲ, ಸಿಇಟಿ ಬರೆದು ಸರ್ಕಾರಿ ಕೋಟಾದಲ್ಲಿ ಒಂದು ಖಾಸಗಿ ಕಾಲೇಜು ಸಿಕ್ಕಿತು. ಫೀಸು, ಹಾಸ್ಟೆಲ್ಲು, ಸಾಮಾನು ಎಲ್ಲಾ ಸೇರಿ ವರ್ಷಕ್ಕೆ 1.80 ಲಕ್ಷದ ಹಾಗೆ ನಾಲ್ಕು ವರ್ಷ, ಒಟ್ಟು 7.20 ಲಕ್ಷ ಸಾಲ. 7.5 ಲಕ್ಷದ ಒಳಗಿದ್ದದ್ದರಿಂದ ಜಮೀನು ಅಡ ಇಡಬೇಕಾಗಿ ಬರಲಿಲ್ಲ. ಸೋದರಮಾವ ಜಾಮೀನು ಹಾಕಿದರು. ಬಡ್ಡಿ ಶೇ. 12.

ಬ್ಯಾಂಕಿನ ಆಫೀಸರು ಹೇಳಿದ್ದು ಇಷ್ಟು: "ಕೋರ್ಸು ಇಂಟರ್ನ್‌ಶಿಪ್ ಸೇರಿ ಐದು ವರ್ಷ, ಮೇಲೊಂದು ವರ್ಷ, ಒಟ್ಟು ಆರು ವರ್ಷ ಮೊರಟೋರಿಯಂ. ಅಲ್ಲಿವರೆಗೆ ಕಂತು ಕಟ್ಟಬೇಕಾಗಿಲ್ಲ. ಆರಾಮಾಗಿ ಓದಮ್ಮ." ಅವರು ಸುಳ್ಳು ಹೇಳಲಿಲ್ಲ. ಕಂತು ಅಂದರು, ಬಡ್ಡಿ ಅನ್ನಲಿಲ್ಲ. ನಾವೂ ಕೇಳಲಿಲ್ಲ. ಮನೆಗೆ ಬಂದು ಅಪ್ಪನಿಗೆ ನಾನೇ ಬಿಡಿಸಿ ಹೇಳಿದೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡೋ ಹೊತ್ತಲ್ಲಿ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತಲ್ಲ, ಸೊಪ್ಪು ಹಾಕಿದರೂ ಮುಟ್ಟಲ್ಲ, ಸಾಲವೂ ಆರು ವರ್ಷ ಹಾಗೇ ಇರುತ್ತೆ ಅಂತ. ಅಪ್ಪ ನಂಬಿದರು. ಓದಿದ ಮಗಳು ಹೇಳಿದ್ದಲ್ವಾ.

ಅದು ಜ್ವರಕ್ಕೆ ಕೂತಿರಲಿಲ್ಲ. ತಿನ್ನುತ್ತಲೇ ಇತ್ತು.

ಈ ಲೆಕ್ಕ ಬೋರಾದರೂ ಓದಿ. 1.80 ಲಕ್ಷಕ್ಕೆ ವರ್ಷದ ಬಡ್ಡಿ 21,600. ಮೊದಲ ವರ್ಷ ಬಿಡುಗಡೆಯಾದ ದುಡ್ಡು ಆರು ವರ್ಷ ಬಡ್ಡಿ ತಿಂದಿತು, ಎರಡನೆಯದು ಐದು, ಮೂರನೆಯದು ನಾಲ್ಕು, ಕೊನೆಯದು ಮೂರು. ಕೂಡಿಸಿದರೆ ಹದಿನೆಂಟು. 21,600 ಇಂಟು ಹದಿನೆಂಟು, 3,88,800. ಓದುವಾಗ ಇದು ಸರಳ ಬಡ್ಡಿಯೇ, ಬ್ಯಾಂಕಿನ ಪುಸ್ತಕದಲ್ಲಿ ಬೇರೆಯಾಗಿಯೇ ಇರುತ್ತೆ. ಆರು ವರ್ಷ ಮುಗಿದ ದಿನ ಅಸಲಿಗೆ ಸೇರಿಬಿಡುತ್ತೆ. 2018ರಲ್ಲಿ ನಮ್ಮ ಸಾಲ 7.20 ಅಲ್ಲ, 11.09 ಲಕ್ಷ. ಅಲ್ಲಿಂದ ಮುಂದೆ ಬಡ್ಡಿಗೂ ಬಡ್ಡಿ. ಹತ್ತು ವರ್ಷಕ್ಕೆ ಇಎಂಐ 15,900 ಬಂತು. ಬಡ್ಡಿ ಮಾತ್ರ ಆಗಿಂದಾಗ್ಗೆ ಕಟ್ಟಿದ್ದಿದ್ದರೆ 10,300 ಚಿಲ್ಲರೆ ಬರುತ್ತಿತ್ತು.

ಮೊದಲ ವರ್ಷ ಕಟ್ಟಬೇಕಿದ್ದ ಬಡ್ಡಿ ಎಷ್ಟು ಗೊತ್ತಾ? ತಿಂಗಳಿಗೆ 1,800. ಎರಡನೇ ವರ್ಷ 3,600. ಆಮೇಲೆ 5,400, 7,200 ಆಗುತ್ತಿತ್ತು, ಅದು ಕಷ್ಟವೇ, ಒಪ್ಪುತ್ತೇನೆ. ಆದರೆ ಮೊದಲೆರಡು ವರ್ಷದ್ದು ರೇಷ್ಮೆ ಗೂಡಿನ ದುಡ್ಡಲ್ಲೇ ಆಗುತ್ತಿತ್ತು. ಒಂದು ಸಲ ಒಳ್ಳೆ ರೇಟು ಸಿಕ್ಕಿ, ಅಪ್ಪ ಶಿಡ್ಲಘಟ್ಟ ಮಾರ್ಕೆಟ್ಟಿನಿಂದಲೇ ಫೋನ್ ಮಾಡಿದ್ದರು. "ಬ್ಯಾಂಕಿಗೆ ಏನಾದರೂ ಕಟ್ಟಿಬಿಡಲಾ ಕಣಮ್ಮ?" ಹಿಂದೆ ಹರಾಜಿನ ಗಲಾಟೆ ಕೇಳಿಸುತ್ತಿತ್ತು. ನಾನು "ಸುಮ್ನಿರಪ್ಪ, ಈಗ ಕಟ್ಟಿದರೆ ವೇಸ್ಟು" ಅಂದೆ. ಆ ದುಡ್ಡಲ್ಲಿ ಮನೆಗೆ ಟಿವಿ ಬಂತು.

ಇನ್ನೂ ಹೊಟ್ಟೆ ಉರಿಯುವ ವಿಷಯ ಇದೆ. ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗೆ ಇದ್ದವರಿಗೆ ಮೊರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಸಬ್ಸಿಡಿ ಸ್ಕೀಮು 2009ರಿಂದ ಇತ್ತು. ಬ್ಯಾಂಕಿಗೆ ಆದಾಯ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಬೇಕಿತ್ತು, ಅಷ್ಟೇ. ಸಿಇಟಿಗೆ ಅಂತ ನಾಡಕಚೇರಿಯಲ್ಲಿ ಮಾಡಿಸಿದ ಪ್ರಮಾಣಪತ್ರ ಬೀರುವಿನಲ್ಲಿ, ಸೀರೆಗಳ ಕೆಳಗೆ ಬೆಚ್ಚಗೆ ಮಲಗಿತ್ತು.

ಓದು ಮುಗಿಸಿ ಚಿಕ್ಕಬಳ್ಳಾಪುರದ ಒಂದು ಕ್ಲಿನಿಕ್ ಸೇರಿದೆ. ಸಂಬಳ 12,000. ಇಎಂಐ 15,900. ಉಳಿದದ್ದನ್ನು ಹುಳುಗಳೇ ದುಡಿದು ಕೊಟ್ಟವು. ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇ ಅಡಿ ತೆರಿಗೆ ವಿನಾಯಿತಿ ಇದೆಯಲ್ಲ ಅಂತ ಒಬ್ಬರು ಸಮಾಧಾನ ಹೇಳಿದರು. 12,000 ಸಂಬಳಕ್ಕೆ ತೆರಿಗೆ ಎಲ್ಲಿಂದ ಬರಬೇಕು? 2020ರಲ್ಲಿ ಕೊರೋನಾದಿಂದ ಕ್ಲಿನಿಕ್ ಮುಚ್ಚಿದಾಗ ಆರ್‌ಬಿಐ ಮತ್ತೆ ಆರು ತಿಂಗಳು ಮೊರಟೋರಿಯಂ ಕೊಟ್ಟಿತು. ಆ ಪದ ಕೇಳಿದ್ದೇ ಅಪ್ಪ "ಬೇಡವೇ ಬೇಡ" ಅಂದರು.

ದುಡಿದು ತೀರಿಸುತ್ತೇನೆ ಅನ್ನುವಾಗ ನಮ್ಮ ಕಡೆಯ ಬಾಯಿಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಬಾಗೇಪಲ್ಲಿ, ಗುಡಿಬಂಡೆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲಿನ ಮೇಲೆ ಕಂದು ಕಲೆ ಇರೋದು ಮಾಮೂಲು. ಇಷ್ಟು ಜನಕ್ಕೆ ತೊಂದರೆ ಇದ್ದಮೇಲೆ ಡೆಂಟಿಸ್ಟಿಗೆ ಸುಗ್ಗಿ ಅಂದುಕೊಂಡಿದ್ದೆ. ಊರಲ್ಲಿ ಎಲ್ಲರ ಹಲ್ಲೂ ಹಾಗೇ ಇದ್ದರೆ ಅದನ್ನು ಯಾರೂ ಕಾಯಿಲೆ ಅನ್ನಲ್ಲ. ನೋವು ತಡೆಯಲಾಗದೆ ರಾತ್ರಿಯೆಲ್ಲಾ ಲವಂಗ ಇಟ್ಟುಕೊಂಡು, ಬೆಳಿಗ್ಗೆ ಕೀಳಿಸೋಕೆ ಬರ್ತಾರೆ. ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸೋಣ ಅಂದರೆ ಎದ್ದು ಹೋಗ್ತಾರೆ. ಸ್ವಂತ ಕ್ಲಿನಿಕ್ ಹಾಕೋಣ ಅಂದರೆ ಚೇರು, ಕಂಪ್ರೆಸರ್, ಆಟೋಕ್ಲೇವ್, ಅಂಗಡಿ ಅಡ್ವಾನ್ಸು, ಮತ್ತೊಂದು ಸಾಲ.

ಫೀಸು ಕಟ್ಟಿದರೆ ಮುಗೀತು ಅಂತಲೂ ಅಂದುಕೊಳ್ಳಬೇಡಿ. ಓದುವಾಗ ಇಂತಿಷ್ಟು ಕೇಸು ಮಾಡಲೇಬೇಕು, ಪೇಷಂಟ್ ಸಿಗದಿದ್ದರೆ ನಾವೇ ಹುಡುಕಿ, ಬಸ್ ಚಾರ್ಜು ಕೊಟ್ಟು ಕರೆತರಬೇಕು. ನಮ್ಮಜ್ಜಿಯ ಒಂದೇ ಬಾಯಿಗೆ ಎರಡು ಸೆಟ್ ಹಲ್ಲು ಮಾಡಿದ್ದೇನೆ. ಒಂದನ್ನೂ ಹಾಕಿಕೊಳ್ಳಲಿಲ್ಲ, ಪುಣ್ಯಾತ್ಗಿತ್ತಿ.

ಈಗ ನಿಮ್ಮ ಪ್ರಶ್ನೆ. ಲೋನಾ ಜಮೀನಾ ಅನ್ನೋದು ಪ್ರಶ್ನೆಯೇ ಅಲ್ಲ. ಜಮೀನು ಮಾರಬೇಡಿ, ಹೋದರೆ ವಾಪಸ್ ಬರಲ್ಲ. ಆದರೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಎಂಬಿಬಿಎಸ್ ಸಿಗಲಿಲ್ಲ ಅಂತಿದೆ, ಹೆಸರ ಹಿಂದೆ ಡಾಕ್ಟರ್ ಬರುತ್ತೆ ಅಂತಿದೆ. ಹಲ್ಲು ಅನ್ನೋ ಪದ ಒಂದು ಸಲವೂ ಇಲ್ಲ. ಮೊದಲು ನಿಮ್ಮೂರಿನ ಯಾವುದಾದರೂ ಡೆಂಟಿಸ್ಟ್ ಹತ್ತಿರ ಒಂದು ವಾರ ಕೂತು ನೋಡಿ. ಆಮೇಲೂ ಬೇಕು ಅನಿಸಿದರೆ ಲೋನ್ ತಗೊಳ್ಳಿ, ಬಡ್ಡಿಯನ್ನು ಮೊದಲ ತಿಂಗಳಿಂದಲೇ ಕಟ್ಟಿ. ಪೂರ್ತಿ ಆಗದಿದ್ದರೆ ಆದಷ್ಟು. ಹೀಗೆ ಕಟ್ಟುವವರಿಗೆ ಶೇ. 1 ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಬಾಯಿಬಿಟ್ಟು ಕೇಳಿ. ಸಬ್ಸಿಡಿಯ ನಿಯಮ ಈಗ ಬದಲಾಗಿದೆ, ನಿಮ್ಮ ಕಾಲೇಜಿಗೆ ಸಿಗುತ್ತಾ ಅಂತ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.

ಮಂಜೂರಾತಿ ಪತ್ರ ಬಂದಿದ್ದರೆ ಬಡ್ಡಿಯ ಬಗ್ಗೆ ಇರುವ ಸಾಲನ್ನು ಇಲ್ಲೇ ಕೆಳಗೆ ಹಾಕಿ. ರಾತ್ರಿ ಎಂಟರ ಮೇಲೆ ನೋಡುತ್ತೇನೆ, ಅಷ್ಟೊತ್ತಿಗೆ ಕ್ಲಿನಿಕ್ ಮುಗಿದಿರುತ್ತೆ.