ಫಾರ್ಮ್ ಕಳಿಸಿದವರು ಯಾರು?

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ನಮ್ಮ ಹಾಸ್ಟೆಲ್‌ಗೆ ಜ್ಯಾಂಗೋ ಎಂಬ ಪೈಥಾನ್ ಫ್ರೇಮ್‌ವರ್ಕ್ ಬಳಸಿ ದೂರು ಕೊಡುವ ವೆಬ್‌ಸೈಟ್ ಮಾಡುತ್ತಿದ್ದೇವೆ. ಎಲ್ಲರೂ ಲಾಗಿನ್ ಆಗಿಯೇ ಫಾರ್ಮ್ ತುಂಬುತ್ತಾರೆ. ಆದರೆ ಡೇಟಾಬೇಸ್‌ನಲ್ಲಿ ನೋಡಿದರೆ ಯಾವ ದೂರು ಯಾರದ್ದು ಅಂತ ಗೊತ್ತಾಗುವುದಿಲ್ಲ. ಫಾರ್ಮ್‌ನಲ್ಲಿ ಒಂದು ಹಿಡನ್ ಫೀಲ್ಡ್ ಇಟ್ಟು ಯೂಸರ್ ಐಡಿ ಕಳಿಸು ಅಂತ ಗೆಳತಿ ಹೇಳಿದಳು. ಹಾಗೆ ಮಾಡಬಹುದಾ?
— ಓದುಗರೊಬ್ಬರು, ಹಾಸನ

ಉತ್ತರ: ಬೇಡಮ್ಮಾ, ಹಾಗೆ ಮಾತ್ರ ಮಾಡಬೇಡಿ. ಹಿಡನ್ ಫೀಲ್ಡ್ ಪರದೆಯ ಮೇಲೆ ಕಾಣುವುದಿಲ್ಲ, ಅಷ್ಟೇ. ಬ್ರೌಸರ್‌ಗೆ ಅದು ಬಂದೇ ಬಂದಿರುತ್ತದೆ. ಎಫ್12 ಒತ್ತಿ ಪುಟದ ಕೋಡ್ ತೆರೆದು, ಅಲ್ಲಿರುವ ಯೂಸರ್ ಐಡಿ 41 ಅನ್ನು 42 ಮಾಡಿ ಕಳಿಸಿದರೆ ದೂರು ಪಕ್ಕದ ರೂಮಿನವಳ ಹೆಸರಿಗೆ ಬೀಳುತ್ತದೆ. ಮೆಸ್ ಊಟದ ಬಗ್ಗೆ ಬರೆದವಳು ಒಬ್ಬಳು, ವಾರ್ಡನ್ ಹತ್ತಿರ ಬೈಸಿಕೊಳ್ಳುವವಳು ಇನ್ನೊಬ್ಬಳು.

ಕಳಿಸುತ್ತಿರುವುದು ಯಾರು ಅಂತ ಸರ್ವರ್‌ಗೆ ಮೊದಲೇ ಗೊತ್ತು, ಅಲ್ವಾ? ಲಾಗಿನ್ ಆದಾಗಲೇ ಜ್ಯಾಂಗೋ ಒಂದು ಸೆಷನ್ ಶುರು ಮಾಡಿ ಅದರ ಗುರುತನ್ನು ಕುಕಿಯಲ್ಲಿ (ಬ್ರೌಸರ್ ಇಟ್ಟುಕೊಳ್ಳುವ ಪುಟ್ಟ ಮಾಹಿತಿ) ಬ್ರೌಸರ್‌ಗೆ ಕೊಟ್ಟಿರುತ್ತದೆ, ಆಮೇಲೆ ಪ್ರತಿ ರಿಕ್ವೆಸ್ಟ್ ಜೊತೆಗೂ ಆ ಕುಕಿ ವಾಪಸ್ ಬರುತ್ತದೆ, ಅದನ್ನು ನೋಡಿ ಜ್ಯಾಂಗೋ ಆ ಹುಡುಗಿಯನ್ನು ರಿಕ್ವೆಸ್ಟ್.ಯೂಸರ್‌ನಲ್ಲಿ ಇಟ್ಟಿರುತ್ತದೆ. ನೀವು ಅಲ್ಲಿಂದ ತೆಗೆದುಕೊಂಡರೆ ಸಾಕು.

ದೂರಿನ ಮಾಡೆಲ್‌ನಲ್ಲಿ ಯೂಸರ್‌ಗೆ ಒಂದು ಫಾರಿನ್ ಕೀ, ಅಂದರೆ ದೂರನ್ನು ಯೂಸರ್‌ಗೆ ಜೋಡಿಸುವ ಕೊಂಡಿ, ಹಾಕಿ. ಮಾಡೆಲ್ ಫಾರ್ಮ್‌ನ ಫೀಲ್ಡ್ಸ್ ಪಟ್ಟಿಯಲ್ಲಿ ಮಾತ್ರ ಅದನ್ನು ಸೇರಿಸಬೇಡಿ. ವ್ಯೂನಲ್ಲಿ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕೋಡ್) ಫಾರ್ಮ್ ಸರಿಯಿದೆ ಅಂತ ಪರೀಕ್ಷಿಸಿದ ಮೇಲೆ ಕಮಿಟ್=ಫಾಲ್ಸ್ ಕೊಟ್ಟು ಸೇವ್ ಕರೆಯಿರಿ. ದೂರು ಕೈಗೆ ಸಿಗುತ್ತದೆ, ಡೇಟಾಬೇಸ್‌ಗೆ ಇನ್ನೂ ಹೋಗಿರುವುದಿಲ್ಲ. ಅದರ ಯೂಸರ್ ಜಾಗಕ್ಕೆ ರಿಕ್ವೆಸ್ಟ್.ಯೂಸರ್ ಹಾಕಿ, ಆಮೇಲೆ ನಿಜವಾಗಿ ಸೇವ್ ಮಾಡಿ. ವ್ಯೂ ಮೇಲೆ ಲಾಗಿನ್ ರಿಕ್ವೈರ್ಡ್ ಇರಲೇಬೇಕು. ಇಲ್ಲದಿದ್ದರೆ ಲಾಗಿನ್ ಆಗದವರು ಕಳಿಸಿದಾಗ ಎರರ್ ಬರುತ್ತದೆ.

ಫಾರಿನ್ ಕೀ ಬರೆಯುವಾಗ ಆನ್ ಡಿಲೀಟ್ ಕೇಳುತ್ತದೆ, ಅಂದರೆ ಯೂಸರ್ ಅಳಿಸಿದರೆ ದೂರಿಗೆ ಏನಾಗಬೇಕು ಅಂತ. ಎಲ್ಲರೂ ಸುಮ್ನೆ ಕ್ಯಾಸ್ಕೇಡ್ ಅಂತ ಹಾಕಿಬಿಡುತ್ತಾರೆ. ಕೊನೆ ವರ್ಷದವರು ಹಾಸ್ಟೆಲ್ ಬಿಟ್ಟ ಮೇಲೆ ಯಾರಾದರೂ ಅವರ ಅಕೌಂಟ್ ಅಳಿಸಿದರೆ ಅವರು ಕೊಟ್ಟಿದ್ದ ದೂರುಗಳೂ ಅದರ ಜೊತೆಗೇ ಹೋಗುತ್ತವೆ. ಸೋರುವ ನಲ್ಲಿ ಇನ್ನೂ ಸೋರುತ್ತಿರುತ್ತದೆ, ದೂರು ಮಾತ್ರ ಇರುವುದಿಲ್ಲ! ಪ್ರೊಟೆಕ್ಟ್ ಹಾಕಿ, ದೂರು ಕೊಟ್ಟವರ ಅಕೌಂಟ್ ಅಳಿಸಲು ಅದು ಬಿಡುವುದಿಲ್ಲ. ಬಿಟ್ಟುಹೋದವರ ಅಕೌಂಟ್ ಅಳಿಸದೆ, ಇಸ್ ಆಕ್ಟಿವ್ ತೆಗೆದು ನಿಷ್ಕ್ರಿಯ ಮಾಡಿದರೆ ಸಾಕು.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ದೂರು ತೋರಿಸುವ ಪುಟದ ವಿಳಾಸದಲ್ಲಿ 17 ಇದ್ದ ಕಡೆ 18 ಹಾಕಿದರೆ ಬೇರೆಯವಳ ದೂರು ತೆರೆದುಕೊಳ್ಳುತ್ತದಾ ನೋಡಿ. ತೆರೆದುಕೊಂಡರೆ ಅದು ದೊಡ್ಡ ತೂತು. ವೆಬ್ ಭದ್ರತೆಯ ಸಂಸ್ಥೆ ಓವಾಸ್ಪ್‌ನ 2021ರ ಟಾಪ್ 10 ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಈ ಬಗೆಯ ತಪ್ಪೇ. ಹುಡುಗಿಯರು ಅಲ್ಲಿ ಹೇಳಿಕೊಳ್ಳಲು ಕಷ್ಟವಾದ ಸಂಗತಿಗಳನ್ನೂ ಬರೆಯಬಹುದು, ಅದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಹಾಗಾಗಿ ದೂರನ್ನು ಬರೀ ನಂಬರ್ ಕೊಟ್ಟು ಹುಡುಕಬೇಡಿ. ನಂಬರ್ ಜೊತೆಗೆ ಯೂಸರ್=ರಿಕ್ವೆಸ್ಟ್.ಯೂಸರ್ ಅಂತಲೂ ಕೊಡಿ. ತನ್ನದಲ್ಲದ ದೂರಿಗೆ 404 (ಪುಟ ಸಿಗಲಿಲ್ಲ) ಬರಲಿ. ವಾರ್ಡನ್‌ಗೆ ಬೇರೆ ವ್ಯೂ ಮಾಡಿ.

ಈಗಾಗಲೇ ಬಂದಿರುವ ಹಳೆಯ ದೂರುಗಳಿಗೆ ಮೈಗ್ರೇಷನ್ (ಹೊಸ ಫೀಲ್ಡ್ ಅನ್ನು ಡೇಟಾಬೇಸ್‌ಗೆ ಸೇರಿಸುವುದು) ಮಾಡುವಾಗ ಯಾವ ಯೂಸರ್ ಹಾಕಬೇಕು ಅಂತ ಡಿಫಾಲ್ಟ್ ಕೇಳುತ್ತದೆ. ಅಡ್ಮಿನ್ ಐಡಿ ಕೊಟ್ಟು ಮುಗಿಸಬೇಡಿ, ಎಲ್ಲವೂ ಅಡ್ಮಿನ್ ಕೊಟ್ಟ ದೂರಾಗಿಬಿಡುತ್ತವೆ. ಫೀಲ್ಡ್‌ಗೆ ನಲ್=ಟ್ರೂ ಹಾಕಿ, ಅವುಗಳ ಯೂಸರ್ ಜಾಗ ಖಾಲಿಯೇ ಇರಲಿ.