ವಾರ್ಷಿಕ ವರದಿ ನೋಡಿ ಮಗಳನ್ನು ಕ್ರಿಶ್ಚಿಯನ್ ಶಾಲೆಗೆ ಸೇರಿಸಬಹುದಾ?

ನೀವು ಕೇಳಿದ್ದು ಇಷ್ಟು: ನವಲಗುಂದ ಕಡೆಯ ಹಳ್ಳಿಯಿಂದ ಹುಬ್ಬಳ್ಳಿಗೆ ಮನೆ ಬದಲಿಸುತ್ತಿದ್ದೀರಿ. ಮಗಳು ಸರಕಾರಿ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಮುಗಿಸುತ್ತಿದ್ದಾಳೆ. ಹೊಸ ಮನೆಯ ಹತ್ತಿರ ಇಂಗ್ಲಿಷ್ ಮಾಧ್ಯಮದ ಒಂದು ಕ್ರಿಶ್ಚಿಯನ್ ಖಾಸಗಿ ಶಾಲೆ ಇದೆ. ಅವರು ಕೊಟ್ಟ ವರದಿಯ ಮೇಲೆ ‘ಸಾಧನೆ ಮತ್ತು ಬೆಳವಣಿಗೆಯ ವರ್ಷ’ ಎಂದಿದೆ. ಒಳಗೆ ನೂರಕ್ಕೆ ನೂರು ಫಲಿತಾಂಶ, ಪ್ರತಿಭಾ ಕಾರಂಜಿ ಸ್ಪರ್ಧೆಯ ಬಹುಮಾನ, ಹೊಸ ಲ್ಯಾಬ್. ಇದನ್ನು ನಂಬಿ ಎಂಟನೇ ತರಗತಿಗೆ ಸೇರಿಸಬಹುದಾ, ನಾವು ಬೇರೆ ಧರ್ಮದವರಾದ್ದರಿಂದ ಏನಾದರೂ ತೊಂದರೆ ಆಗುತ್ತದಾ, ಅಂತ.

ನಾನು ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲಿ ಚರ್ಚ್ ನಡೆಸುವ ಒಂದು ಅನುದಾನರಹಿತ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಾನು ಕ್ರಿಶ್ಚಿಯನ್ ಅಲ್ಲ. ಪ್ರತಿ ವರ್ಷ ಗ್ಯಾದರಿಂಗ್ ದಿನ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಓದುವ ವರದಿಯ ಕನ್ನಡ ಕರಡು ಬರೆಯುವುದು ನನ್ನ ಪಾಲಿನ ಕೆಲಸ. ಹಾಗಾಗಿ ಅದರಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಸೇರಿಸಬಹುದು. ಆದರೆ ಮೊದಲು ಶಾಲೆಗೆ ಹೋಗಿ ಒಂದು ಲೆಕ್ಕ ಕೇಳಿ. ಹೋದ ವರ್ಷ ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು? ಅವರಲ್ಲಿ ಎಷ್ಟು ಮಂದಿ ಈ ವರ್ಷ ಇದೇ ಶಾಲೆಯ ವಿದ್ಯಾರ್ಥಿಗಳಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದರು? ಎರಡೂ ಸಂಖ್ಯೆ ಹತ್ತಿರ ಹತ್ತಿರ ಇದ್ದರೆ ಆ ಶಾಲೆಯ ‘ಸಾಧನೆ’ ಎಂಬ ಮಾತಿಗೆ ತೂಕ ಇದೆ. ದೊಡ್ಡ ಅಂತರ ಇದ್ದರೆ ಆ ಮಕ್ಕಳು ಎಲ್ಲಿ ಹೋದರು ಎಂದು ಕೇಳಬೇಕು.

ಯಾಕೆ ಅಂದರೆ, ನೂರಕ್ಕೆ ನೂರು ತರಲು ಎರಡು ದಾರಿ ಇವೆ. ಒಂದು, ಎಲ್ಲ ಮಕ್ಕಳಿಗೂ ಕಲಿಸುವುದು. ಇನ್ನೊಂದು, ಫೇಲಾಗುವ ಹಾಗೆ ಕಾಣುವ ಮಕ್ಕಳ ಅಪ್ಪ ಅಮ್ಮನನ್ನು ಒಂಬತ್ತರ ಕೊನೆಯಲ್ಲಿ ಕರೆದು, ‘ಟಿಸಿ ತಗೊಂಡು ಬೇರೆ ಕಡೆ ಹಾಕಿ’ ಅನ್ನುವುದು. ಕೆಲವು ಕಡೆ ‘ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿ’ ಎಂದು ಹೇಳಿ ಕಳಿಸುತ್ತಾರೆ. ಇದು ಒಂದು ಧರ್ಮದವರ ಶಾಲೆಯ ರೋಗ ಅಲ್ಲ, ಎಲ್ಲ ಕಡೆಯೂ ಇದೆ. ವರದಿಯಲ್ಲಿ ಮಾತ್ರ ಎರಡೂ ದಾರಿಯ ಫಲಿತಾಂಶ ಒಂದೇ ಥರ ಕಾಣುತ್ತದೆ.

ಫಲಿತಾಂಶದ ಬಗ್ಗೆಯೇ ಇನ್ನೂ ಎರಡು ವಿಷಯ ನೋಡಿ. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆ. ಪರೀಕ್ಷೆ 1ರಲ್ಲಿ ಫೇಲಾದವರು ಎರಡರಲ್ಲಿ, ಅಲ್ಲೂ ಫೇಲಾದರೆ ಮೂರರಲ್ಲಿ ಬರೆಯಬಹುದು. ಹಾಗಾಗಿ ನೂರಕ್ಕೆ ನೂರು ಬಂದದ್ದು ಪರೀಕ್ಷೆ 1ರಲ್ಲೇನಾ, ಮೂರೂ ಸೇರಿನಾ ಎಂದು ಕೇಳಿ. ಎರಡನೆಯದು, ಅದೇ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ 73.40ಕ್ಕೆ ಇಳಿಯಿತು. ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೂ ಇಷ್ಟು. ನೀವು ನೋಡುತ್ತಿರುವ ಶಾಲೆಯ 2023 ಮತ್ತು 2024ರ ಫಲಿತಾಂಶ ಪಕ್ಕ ಪಕ್ಕ ಇಟ್ಟು ನೋಡಿ. ಕ್ಯಾಮೆರಾ ಬಂದ ವರ್ಷವೂ ಅಷ್ಟೇ ಗಟ್ಟಿಯಾಗಿ ನಿಂತಿದ್ದರೆ ಅಲ್ಲಿನ ಶಿಕ್ಷಕರಿಗೆ ನನ್ನ ನಮಸ್ಕಾರ.

ಈಗ ನನಗೆ ತುಂಬಾ ಹತ್ತಿರವಾದ ಒಂದು ವರ್ಷದ ಮಾತು ಹೇಳುತ್ತೇನೆ. ನಮ್ಮಲ್ಲಿ ಎಂಟನೇ ತರಗತಿಗೆ ಒಬ್ಬ ಹುಡುಗ ಬಂದ. ಕಲಘಟಗಿ ಕಡೆಯ ಹಳ್ಳಿಯವನು. ಅಪ್ಪ ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ. ನಿಮ್ಮ ಮಗಳ ಹಾಗೆಯೇ ಏಳರವರೆಗೆ ಕನ್ನಡ ಮಾಧ್ಯಮ. ವರ್ಷದ ನಡುವೆ ನಡೆಯುವ ಕಿರುಪರೀಕ್ಷೆಗಳಲ್ಲಿ ಮೊದಲನೆಯದಾದ ಎಫ್‌ಎಯಲ್ಲಿ ವಿಜ್ಞಾನದ ಪೇಪರ್ ಮೇಲೆ ಹೆಸರು, ರೋಲ್ ನಂಬರ್ ಬಿಟ್ಟರೆ ಏನೂ ಇರಲಿಲ್ಲ. ಹುಡುಗ ದಡ್ಡ ಅಲ್ಲ. ನನ್ನ ಕನ್ನಡ ಪಿರಿಯಡ್‌ನಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ. ಪದ್ಯ ಒಮ್ಮೆ ಓದಿದರೆ ಬಾಯಿಗೆ ಬರುತ್ತಿತ್ತು. ಆದರೆ ದ್ಯುತಿಸಂಶ್ಲೇಷಣೆ ಗೊತ್ತಿದ್ದ ಹುಡುಗನಿಗೆ ಫೋಟೋಸಿಂಥೆಸಿಸ್ ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು.

ಹಿಂದಿನ ತರಗತಿಯ ಪಾಠ ನೆನಪಿಸುವ ಜೂನ್ ತಿಂಗಳ ಸೇತುಬಂಧದಿಂದ ಇಂಥ ಮಗುವಿಗೆ ಸಾಕಾಗುವುದಿಲ್ಲ. ನಮ್ಮ ವಿಜ್ಞಾನದ ಟೀಚರ್ ಆ ವರ್ಷ ಒಂದು ಕೆಲಸ ಮಾಡಿದರು. ಪ್ರತಿ ಪಾಠದ ಮುಖ್ಯ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಚಾರ್ಟ್ ಮೇಲೆ ಬರೆದು ಗೋಡೆಗೆ ಹಚ್ಚಿದರು. ಕಿರುಪರೀಕ್ಷೆಯಲ್ಲಿ ಉತ್ತರ ಕನ್ನಡದಲ್ಲಿ ಬರೆದರೂ ಅಂಕ ಕೊಟ್ಟರು. ಸಂಜೆ ಬೆಲ್ ಹೊಡೆದ ಮೇಲೆ ಕೂರಿಸಿಕೊಂಡು ಅದೇ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಸಿದರು. ಇದಕ್ಕೆ ಯಾರೂ ಹೆಚ್ಚಿಗೆ ಸಂಬಳ ಕೊಡಲಿಲ್ಲ. ಸಂಕ್ರಾಂತಿ ಹೊತ್ತಿಗೆ ಅವನು ತಾನಾಗಿಯೇ ಪ್ರಶ್ನೆ ಕೇಳಲು ಶುರು ಮಾಡಿದ. ಪೋಷಕರ ಸಭೆಗೆ ಬಂದ ಅವನ ತಾಯಿ ಅಂಕದ ಮಾತೇ ಎತ್ತಲಿಲ್ಲ. ‘ಅಕ್ಕೋರ, ಸಾಲಿಂದ ಬಂದ್ಮ್ಯಾಲೆ ಈಗ ಮಾತಾಡ್ತಾನ್ರಿ, ಮೊದಲ ಸುಮ್ನ ಮಲಗತಿದ್ದ’ ಎಂದರು.

ಹತ್ತನೇ ತರಗತಿಗೆ ಬಂದಾಗ ಗಣಿತ ಇನ್ನೂ ಕಷ್ಟವಿತ್ತು. ಸ್ಟಾಫ್ ಮೀಟಿಂಗ್‌ನಲ್ಲಿ ಒಂದಿಬ್ಬರು, ಅವನನ್ನು ಬೇರೆ ಕಡೆಯಿಂದ ಕಟ್ಟಿಸಿದರೆ ನಮ್ಮ ನೂರು ಉಳಿಯುತ್ತದೆ ಎಂದರು. ಹೆಡ್‌ಮಿಸ್ಟ್ರೆಸ್ ಒಪ್ಪಲಿಲ್ಲ. ‘ಸೇರಿಸಿಕೊಂಡವರು ನಾವು, ಬರೆಸುವವರೂ ನಾವೇ’ ಎಂದು ಅಲ್ಲಿಗೇ ಆ ಮಾತು ಮುಗಿಸಿದರು. ಪರೀಕ್ಷೆ 1ರಲ್ಲಿ ಅವನ ಗಣಿತ ಹೋಯಿತು. ನಮ್ಮ ನೂರೂ ಹೋಯಿತು. ಪರೀಕ್ಷೆ 2ರಲ್ಲಿ ಪಾಸಾದ. ಮುಂದೆ ಐಟಿಐ ಸೇರಿದ. ಆ ವರ್ಷದ ವರದಿಯಲ್ಲಿ ಶೇಕಡಾ ನೂರು ಎಂಬ ಸಾಲು ಇರಲಿಲ್ಲ. ‘ಒಂಬತ್ತರಲ್ಲಿದ್ದ ಎಲ್ಲ ಮಕ್ಕಳೂ ನಮ್ಮಲ್ಲೇ ಪರೀಕ್ಷೆ ಬರೆದರು’ ಎಂದು ಹೆಡ್‌ಮಿಸ್ಟ್ರೆಸ್ ನನ್ನಿಂದ ಬರೆಸಿದರು. ನಾನು ಬರೆದ ವರದಿಗಳಲ್ಲಿ ನನಗೆ ಹೆಮ್ಮೆ ಇರುವುದು ಆ ಸಾಲಿನ ಬಗ್ಗೆಯೇ.

ಇದನ್ನು ಇಷ್ಟು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಭಾಗದಲ್ಲಿ ಮಿಷನ್ ಶಾಲೆ ಎಂಬುದು ನಿನ್ನೆ ಮೊನ್ನೆಯದಲ್ಲ. ಜರ್ಮನ್ ಮಾತಾಡುವ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ 1837ರಲ್ಲಿ ಬಂದರು, ಹುಬ್ಬಳ್ಳಿಗೆ 1839ರಲ್ಲಿ, ಗದಗಿನ ಬೆಟಗೇರಿಗೆ 1841ರಲ್ಲಿ. ಗದಗಿನವರು ಇವತ್ತಿಗೂ ಜರ್ಮನ್ ಆಸ್ಪತ್ರೆ ಎನ್ನುವುದು ಅವರ ಕಾಲದ ನೆನಪು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಮೊದಲು ಕನ್ನಡ ಕಲಿಯುತ್ತಾ ಕೂತದ್ದು ಧಾರವಾಡದಲ್ಲಿ. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ಸುಮಾರು 70 ಸಾವಿರ ಪದಗಳ ಆ ಪುಸ್ತಕವನ್ನು ಕನ್ನಡ ಶಿಕ್ಷಕಿಯಾಗಿ ನಾನು ಈಗಲೂ ತೆರೆಯುತ್ತೇನೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೂ ಇದೆ. ಧರ್ಮಪ್ರಚಾರಕ್ಕೆ ಬಂದವರು ಎಂಬುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಊರಿನ ಮಾತು ಕಲಿತು, ಊರಿನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಶಾಲೆ ನಡೆಸಿದರು. ಇವತ್ತಿನ ಒಂದು ಕ್ರಿಶ್ಚಿಯನ್ ಶಾಲೆ ತನ್ನ ವರ್ಷವನ್ನು ಅಳೆಯಬೇಕಾದರೆ ಹಿಂದೆ ಬಿದ್ದ ಮಗುವನ್ನು ಹೇಗೆ ನೋಡಿಕೊಂಡಿತು ಎಂಬುದರಿಂದಲೇ ಅಳೆಯಬೇಕು ಎಂದು ನಾನು ನಂಬಿದ್ದೇನೆ.

ಅಂದ ಹಾಗೆ, ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 2014ರ ಮೇ 6ರಂದು ಹೇಳಿತು. ಅಂದರೆ ಬಡ ಮಕ್ಕಳಿಗೆ ಶೇಕಡಾ 25 ಸೀಟು ಬಿಡಬೇಕು ಎಂಬ ಕಟ್ಟುಪಾಡು ಅವರಿಗೆ ಇಲ್ಲ. ಹಾಗಿದ್ದೂ ಫೀ ಕಟ್ಟಲಾಗದ ಮಕ್ಕಳನ್ನು ಇಟ್ಟುಕೊಂಡಿದ್ದಾರಾ, ರಿಯಾಯಿತಿ ಕೊಡುತ್ತಾರಾ ಎಂದು ವಿಚಾರಿಸಿ. ಆಫೀಸಿನಲ್ಲಿ ಕೇಳುವುದಕ್ಕಿಂತ ಗೇಟಿನ ಹತ್ತಿರ ಮಕ್ಕಳನ್ನು ಕರೆದೊಯ್ಯಲು ನಿಂತ ಪೋಷಕರನ್ನು ಕೇಳಿದರೆ ಬೇಗ ಗೊತ್ತಾಗುತ್ತದೆ.

ಪ್ರತಿಭಾ ಕಾರಂಜಿ ಬಹುಮಾನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಇವೆ. ಕ್ಲಸ್ಟರ್ ಮಟ್ಟ ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ನಡುವಿನ ಸ್ಪರ್ಧೆ. ಬಹುಮಾನ ಯಾವ ಮಟ್ಟದ್ದು ಎಂದು ನೋಡಿ. ಅದಕ್ಕಿಂತ ಮುಖ್ಯವಾಗಿ, ಕಂಠಪಾಠಕ್ಕೂ ಆಶುಭಾಷಣಕ್ಕೂ ಚರ್ಚೆಗೂ ಅದೇ ನಾಲ್ಕು ಮಕ್ಕಳ ಹೆಸರು ಇದೆಯಾ ಎಂದು ನೋಡಿ. ಹೊಸ ಕಟ್ಟಡ, ಹೊಸ ಲ್ಯಾಬ್ ಎಲ್ಲ ಒಳ್ಳೆಯದೇ. ಬಾಗಿಲಿಗೆ ಬೀಗ ಇದೆಯಾ, ಮಕ್ಕಳು ಅದರೊಳಗೆ ವಾರಕ್ಕೆ ಎಷ್ಟು ಸಲ ಹೋಗುತ್ತಾರೆ ಎಂದು ಒಂಬತ್ತನೇ ತರಗತಿಯ ಮಗುವನ್ನೇ ಕೇಳಿ.

ಧರ್ಮದ ವಿಷಯ. ಬೆಳಗಿನ ಪ್ರಾರ್ಥನೆಯಲ್ಲಿ ಬೈಬಲ್ ವಚನ ಓದುತ್ತಾರೆ, ನಾಡಗೀತೆ ಹಾಡುತ್ತಾರೆ. ನಮ್ಮಲ್ಲಿ ಕ್ರಿಶ್ಚಿಯನ್ ಮಕ್ಕಳಿಗೆ ಧರ್ಮಪಾಠದ ಪಿರಿಯಡ್ ಬೇರೆ, ಉಳಿದವರಿಗೆ ಅದೇ ಹೊತ್ತಿನಲ್ಲಿ ಮೌಲ್ಯಶಿಕ್ಷಣ. ಡಿಸೆಂಬರ್ ಬಂದರೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವುದಕ್ಕೆ ಎಲ್ಲ ಮನೆಯ ಮಕ್ಕಳೂ ಬರುತ್ತಾರೆ. ಕಾನೂನೂ ನಿಮ್ಮ ಪರ ಇದೆ: ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವಂತಿಲ್ಲ. ನಿಜವಾದ ಕಿರಿಕಿರಿ ಹುಟ್ಟುವುದು ಸಣ್ಣ ವಿಷಯಗಳಲ್ಲಿ. ವಿಭೂತಿ, ಕುಂಕುಮ, ಬಳೆ, ಮುಡಿಗೆ ಹೂವು, ಪಂಚಮಿಗೆ ಹಚ್ಚಿದ ಮೆಹಂದಿ. ಒಂದೊಂದು ಶಾಲೆಯಲ್ಲಿ ಒಂದೊಂದು ನಿಯಮ. ಅಡ್ಮಿಷನ್ ದಿನವೇ ಬಾಯಿಬಿಟ್ಟು ಕೇಳಿ. ಮಗಳು ಆಮೇಲೆ ಎಲ್ಲರೆದುರು ಮಾತು ಕೇಳಬೇಕಾಗಿ ಬರಬಾರದು. ರಜೆಯನ್ನೂ ಕೇಳಿಕೊಳ್ಳಿ. ಕೆಲವು ಶಾಲೆಗಳು ದಸರಾ ರಜೆ ಕಡಿಮೆ ಮಾಡಿ ಕ್ರಿಸ್‌ಮಸ್‌ಗೆ ಕೊಡುತ್ತವೆ. ಊರಿಗೆ ಹೋಗುವ ಲೆಕ್ಕ ನಿಮಗೆ ಬೇಕಲ್ವಾ.

ಕನ್ನಡ ಮರೆತು ಹೋಗುತ್ತದೆ ಎಂಬ ಭಯ ಬೇಡ. ಕನ್ನಡ ಭಾಷಾ ಕಲಿಕಾ ಕಾಯ್ದೆ 2015ರಲ್ಲೇ ಬಂದಿದೆ. ಮೊದಲ ಭಾಷೆಯಾಗಿಯಾದರೂ ಎರಡನೇ ಭಾಷೆಯಾಗಿಯಾದರೂ ಕನ್ನಡ ಕಲಿಸಲೇಬೇಕು. ಸ್ಟೇಟ್ ಸಿಲಬಸ್ ಶಾಲೆ ಆಗಿದ್ದರೆ ನಿಮ್ಮ ಮಗಳಿಗೆ ಕನ್ನಡವನ್ನು ಪ್ರಥಮ ಭಾಷೆಯಾಗಿ ತೆಗೆಸಿ. ಹತ್ತನೇ ತರಗತಿಯಲ್ಲಿ ಅದಕ್ಕೆ 125 ಅಂಕ, ಉಳಿದ ವಿಷಯಗಳಿಗೆ ನೂರು ನೂರು. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಮಕ್ಕಳು ಇದರಲ್ಲಿ ನಮ್ಮ ಮಕ್ಕಳಿಗಿಂತ ಮುಂದೆ ಇರುತ್ತಾರೆ. ಅಲ್ಲಿ ಸಿಕ್ಕ ಧೈರ್ಯ ಉಳಿದ ವಿಷಯಗಳಿಗೂ ಹರಿಯುತ್ತದೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಇನ್ನು, ಯಾವ ಶಾಲೆಯ ವರದಿಯಲ್ಲೂ ಸಿಗದ ಎರಡು ಮಾತು. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇರುತ್ತದೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು. ಇದು ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಅನುದಾನರಹಿತ ಶಾಲೆ ಸೇರಿದರೆ ಅವಳಿಗೆ ಈ ಬಾಗಿಲು ಮುಚ್ಚುತ್ತದೆ. ಹಾಗೆಯೇ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರುವ ಸಿಇಟಿಯಲ್ಲಿ ಕನ್ನಡ ಮಾಧ್ಯಮದ ಮೀಸಲು ಸಿಗಬೇಕಾದರೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಏಳು ವರ್ಷ ಆಗಿದೆ, ಮೂರು ಉಳಿದಿದೆ. ಗ್ರಾಮೀಣ ಮೀಸಲೂ ಹತ್ತು ವರ್ಷದ ಲೆಕ್ಕವೇ. ನಗರದ ಶಾಲೆಗೆ ಬಂದರೆ ಅದಂತೂ ಹೇಗೂ ಹೋಗುತ್ತದೆ.

ಹುಬ್ಬಳ್ಳಿ–ಧಾರವಾಡದಲ್ಲಿ ಚರ್ಚಿನವರೇ ನಡೆಸುವ, ಅನುದಾನ ಇರುವ, ಕನ್ನಡ ಮಾಧ್ಯಮದ ಹಳೆಯ ಹೈಸ್ಕೂಲುಗಳೂ ಇವೆ. ಫೀ ಕಡಿಮೆ. ಕಟ್ಟಡ ಹಳೆಯದು, ಬಣ್ಣದ ವರದಿ ಪುಸ್ತಕ ಇರಲಿಕ್ಕಿಲ್ಲ. ನಿಮ್ಮ ಮಗಳ ವಿಷಯದಲ್ಲಿ ನಾನಾಗಿದ್ದರೆ ಅಂಥದ್ದೊಂದಕ್ಕೆ ಮೊದಲು ಹೋಗುತ್ತಿದ್ದೆ. ಆಮೇಲೆ ನೀವು ಹೇಳಿದ ಶಾಲೆಗೆ. ಎರಡೂ ಕಡೆ ಒಂಬತ್ತು–ಹತ್ತರ ಲೆಕ್ಕ ಕೇಳಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಶಾಲೆ ನಡೆಯುವ ದಿನವೇ ಹೋಗಿ. ಫಾರ್ಮ್ ತುಂಬುವ ಮೊದಲು ಅವಳಿಗೆ ಎಲ್ಲಿ ಕೂರಬೇಕು ಅನ್ನಿಸಿತು ಎಂದು ಕೇಳಿ.